ಮಿರಜಿನಲ್ಲಿ ಹಾಕಿಸಿದ ಮೆಮರಿ

ಸಿದ್ದಲಿಂಗನ ಮದುವೆಗೆ ಅಡ್ಡ ಬಂದದ್ದು ಕಂಪ್ಯೂಟರಿನ ಪರದೆಯ ಮೇಲೆ ತಿರುಗುವ ಆ ಸಣ್ಣ ನೀಲಿ ಚಕ್ರ.

ಕಾಗವಾಡದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನದೊಂದು ಡಿ.ಟಿ.ಪಿ. ಅಂಗಡಿ. ಲಗ್ನಪತ್ರಿಕೆ, ಬ್ಯಾನರು, ದ್ರಾಕ್ಷಿ ಪೆಟ್ಟಿಗೆಗೆ ಹಚ್ಚುವ ಲೇಬಲ್ಲು, ಎಲ್ಲವೂ ಕನ್ನಡದಲ್ಲೂ ಮರಾಠಿಯಲ್ಲೂ. ಊರಿನ ಅರ್ಧ ಮಂದಿಯ ಲಗ್ನಪತ್ರಿಕೆಗಳು ಅವನ ಕೈಯಿಂದಲೇ ಹೊರಬಿದ್ದಿದ್ದವು, ಅವನದೊಂದು ಬಿಟ್ಟು. ಹೋದ ದೀಪಾವಳಿಯ ನಂತರ ಅಥಣಿ ಕಡೆಯ ಒಬ್ಬ ಹೆಣ್ಣಿನ ತಂದೆ, "ಹುಡುಗನ ಉದ್ಯೋಗ ನೋಡ್ತೀವಿ" ಎಂದು ಬಂದು ಅಂಗಡಿಯಲ್ಲಿ ಕುಳಿತರು. ಸಿದ್ದಲಿಂಗ ತಾನು ಮಾಡಿದ್ದರಲ್ಲೇ ಚಂದದ ಒಂದು ಪತ್ರಿಕೆಯನ್ನು ತೆರೆದು ತೋರಿಸಲು ಹೋದ. ಚಕ್ರ ತಿರುಗತೊಡಗಿತು. ಅವರು ಚಹಾ ಕುಡಿದರು, ತಿರುಗುತ್ತಲೇ ಇತ್ತು. ಎಲೆ ಅಡಿಕೆ ಹಾಕಿಕೊಂಡರು, ಆಗಲೂ ತಿರುಗುತ್ತಿತ್ತು. ಕೊನೆಗೆ ಟೊಪ್ಪಿಗೆ ಸರಿಮಾಡಿಕೊಂಡು ಎದ್ದರು.

"ತಮ್ಮಾ, ಗರಗರ ತಿರಗೂದ ನೋಡಾಕ ನಮ್ಮೂರಾಗ ಕಬ್ಬಿನ ಗಾಣ ಐತಿ. ಅದರಾಗ ಹಾಲರ ಬರ್ತಾವು."

ಆ ಸಂಬಂಧ ಅಲ್ಲಿಗೇ ಮುಗಿಯಿತು. ಈಗ ಬೇಡಕಿಹಾಳದ ಲಗಮಣ್ಣನವರು ತಮ್ಮ ಮಗಳು ಕೋಮಲಳಿಗಾಗಿ ಮನೆ ನೋಡಲು, ಜೊತೆಗೆ ಉದ್ಯೋಗವನ್ನೂ ನೋಡಲು ಬರುವವರಿದ್ದರು. ಕೋಮಲಳದು ಒಂದೇ ಒಂದು ಫೋಟೋ ಸಿದ್ದಲಿಂಗನ ಮೊಬೈಲಿನಲ್ಲಿತ್ತು. ಯಾರ ಫೋಟೋ ಕಂಡರೂ ಬೆಳಕು ಏರಿಸುವುದು, ಕಲೆ ಅಳಿಸುವುದು ಅವನ ಕೈಗಂಟಿದ ಚಟ. ಆ ಫೋಟೋವನ್ನು ಮಾತ್ರ ಅವನು ಮುಟ್ಟಿರಲಿಲ್ಲ. ಈ ಸಂಬಂಧ ತಪ್ಪಬಾರದು ಎಂದು ಅವನು ಯಾರೆದುರೂ ಬಾಯಿ ಬಿಟ್ಟು ಹೇಳದಿದ್ದರೂ, ಹಿಂದಿನ ದಿನ ಮಿರಜಿಗೆ ಹೋಗಿ, ಗೆಳೆಯ ಶುಭಮನ ಅಂಗಡಿಯಿಂದ ಕಂಪ್ಯೂಟರಿಗೆ ಹೊಸ ಮೆಮರಿ ತಂದಿದ್ದ. ಬೆರಳುದ್ದದ ಹಸಿರು ಪಟ್ಟಿ. ಹಳೆಯದರ ಮಗ್ಗುಲಿಗೆ ಅದನ್ನೂ ಕೂಡಿಸಿಬಿಟ್ಟರೆ ಯಂತ್ರ ದುಪ್ಪಟ್ಟು ಚುರುಕಾಗುತ್ತದೆ, ಚಕ್ರದ ಹಂಗೇ ಇರುವುದಿಲ್ಲ.

ಮುಂಜಾನೆ ಅಂಗಡಿ ತೆರೆದವನೇ ಕಂಪ್ಯೂಟರಿನ ಡಬ್ಬದ ಬಾಗಿಲು ಬಿಚ್ಚಿ, ಹೊಸ ಪಟ್ಟಿಯನ್ನು ಖಾಲಿ ಸಂದಿಯೊಳಗೆ ಒತ್ತಿ ಕೂಡಿಸಿದ. ಕಂಪ್ಯೂಟರು ಎದ್ದಿತು. ಸಿದ್ದಲಿಂಗನ ಮುಖ ಅರಳಿತು. ಒಂದು ಲಗ್ನಪತ್ರಿಕೆ ತೆರೆದ. ಗಣಪತಿ ಬಂದ, ಬಾಸಿಂಗ ಬಂತು, ವರನ ಹೆಸರು ಬರುವಷ್ಟರಲ್ಲಿ ಪರದೆ ನೀಲಿಯಾಗಿ, ಬಿಳಿ ಅಕ್ಷರದಲ್ಲಿ ಏನನ್ನೋ ಗೊಣಗಿ, ಯಂತ್ರ ತಾನಾಗಿ ಬಂದ್ ಆಗಿ ಮತ್ತೆ ಶುರುವಾಯಿತು. ಮತ್ತೆ ತೆರೆದ. ಮತ್ತೆ ವಧುವಿನ ಹೆಸರು ಬರುವ ಮೊದಲೇ ನೀಲಿ. ತಾಳಿ ಕಟ್ಟುವ ಹೊತ್ತಿಗೆ ಮಂಟಪ ಬಿಟ್ಟು ಓಡುವ ಗಂಡಿನಂತೆ ಅದು ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ಓಡುತ್ತಿತ್ತು.

ಮೊದಲು ಅನುಮಾನ ಬಂದದ್ದು ಕರೆಂಟಿನ ಮೇಲೆ. ಎದುರಿಗೇ ಸುಂದ್ರವ್ವನ ಹಿಟ್ಟಿನ ಗಿರಣಿ. ಅದು ಶುರುವಾದರೆ ಓಣಿಯ ಬಲ್ಬುಗಳೆಲ್ಲ ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತವೆ. ಸಿದ್ದಲಿಂಗ ರಸ್ತೆ ದಾಟಿ ಹೋದ. ಗಿರಣಿಯ ಸದ್ದಿನೊಳಗೇ ಅರ್ಧ ಆಯುಷ್ಯ ಕಳೆದ ಸುಂದ್ರವ್ವನ ಕಿವಿಗೆ ಯಾವ ಮಾತೂ ಅರ್ಧದಷ್ಟೇ ಬೀಳುತ್ತಿತ್ತು. ಉಳಿದರ್ಧವನ್ನು ಅವಳೇ ಹಾಕಿಕೊಳ್ಳುತ್ತಿದ್ದಳು.

"ಕಾಕೂ, ಒಂದೀಟ ಗಿರಣಿ ಬಂದ್ ಮಾಡ್ತೀರೇನ್ರಿ?"

"ಏನಂದಿ? ಯಾಕೋ?"

"ನಿನ್ನಿ ಮಿರಜ್‌ಗೆ ಹೋಗಿ ಮೆಮರಿ ಹಾಕ್ಸಾಕ ತಂದಿದ್ನಿರಿ. ಹಾಕ್ದಾಗಿಂದ ಘಡಿಘಡಿಗೆ ಬಂದ್ ಬೀಳಾಕತ್ತೈತಿ. ಗಿರಣಿ ಲೋಡ ತಡಕೊಳ್ಳವಲ್ದು ಕಾಣತೈತಿ."

ಆ ಸದ್ದಿನಲ್ಲಿ ಸುಂದ್ರವ್ವನನ್ನು ಮುಟ್ಟಿದ್ದು ಮಿರಜ್, ಮೆಮರಿ, ಘಡಿಘಡಿಗೆ ಬೀಳುವುದು, ತಡಕೊಳ್ಳಲಾಗದ್ದು, ಇಷ್ಟು.

ಈ ಕಡೆಯ ಮಂದಿಗೆ ಮಿರಜ್ ಎಂದರೆ ದವಾಖಾನೆ. ಕಾಲು ಮುರಿದರೆ ಮಿರಜ್, ಕಣ್ಣಿಗೆ ಪೊರೆ ಬಂದರೆ ಮಿರಜ್, ಹೆರಿಗೆ ಬಿಗಡಾಯಿಸಿದರೂ ಮಿರಜ್. "ಅವನ್ನ ಮಿರಜ್‌ಗೆ ಒಯ್ದಾರ" ಎಂದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ, ಬಾಳೆಹಣ್ಣು ತಗೊಂಡು ನೋಡಲು ಹೊರಡುತ್ತಾರೆ. ಅಲ್ಲಿಗೆ ಹೋಗಿ ಮೊಣಕಾಲಿಗೆ ಪ್ಲೇಟು ಹಾಕಿಸಿಕೊಂಡು ಬಂದವರನ್ನು ಸುಂದ್ರವ್ವ ಕಂಡಿದ್ದಳು, ಎದೆಗೆ ಸ್ಪ್ರಿಂಗು ಹಾಕಿಸಿಕೊಂಡು ಬಂದವರನ್ನೂ ಕಂಡಿದ್ದಳು. ಮೆಮರಿ ಹಾಕಿಸಿಕೊಂಡು ಬಂದವನನ್ನು ಇದೇ ಮೊದಲ ಸಲ ನೋಡುತ್ತಿದ್ದಳು.

"ತಲಿಗೇನೋ?" ಎಂದಳು, ತನ್ನ ತಲೆ ಮುಟ್ಟಿಕೊಂಡು.

ಸಿದ್ದಲಿಂಗನಿಗೆ ಅವಸರ. "ಹ್ಞೂಂರಿ, ತಲಿ ಅಂತನ ಅನಕೋರಿ. ಅದ ಕೆಟ್ರ ಮುಗೀತಲ್ರಿ!"

ಸುಂದ್ರವ್ವ ಪಟ್ಟನೆ ಗಿರಣಿ ನಿಲ್ಲಿಸಿದಳು. ಜೋಳ ಬೀಸಿಸಲು ಬಂದು ಸಾಲಾಗಿ ನಿಂತಿದ್ದ ಹೆಂಗಸರಿಗೆಲ್ಲ, "ಗದ್ದಲ ಮಾಡಬ್ಯಾಡ್ರಿ, ಹುಡುಗ ತಡ್ಯಾಂಗಿಲ್ಲ" ಎಂದು ಬೆರಳು ತುಟಿಗಿಟ್ಟು ತೋರಿಸಿದಳು. "ನೀ ಹೋಗಿ ಕುಂಡ್ರಬ್ಯಾಡೋ ನಮ್ಮಪ್ಪ, ಮಲಕೋ ಹೋಗು."

ಕಾಕೂಗೆ ವೋಲ್ಟೇಜಿನ ತಿಳಿವಳಿಕೆ ಇಲ್ಲ ಎಂದುಕೊಂಡು ಸಿದ್ದಲಿಂಗ ಓಡಿಬಂದ. ಗಿರಣಿ ನಿಂತರೂ ಪರದೆ ನೀಲಿಯಾಗುವುದು ನಿಲ್ಲಲಿಲ್ಲ.

ಅವನು ಶುಭಮನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ನೆಲದ ಮೇಲಿಟ್ಟು, ಡಬ್ಬದೊಳಗೆ ತಲೆ ತೂರಿಸಿದ. ಹೊರಗೆ ಅರ್ಧ ಬೀಸಿದ ಜೋಳದವರು ಮೆಲ್ಲಗೆ ರಸ್ತೆ ದಾಟಿ ಅಂಗಡಿಯ ಕಟ್ಟೆಗೆ ಬಂದು ನಿಂತರು. ಅವರಿಗೆ ಕಾಣುತ್ತಿದ್ದದ್ದು ಸಿದ್ದಲಿಂಗನ ಎರಡು ಕಾಲುಗಳು ಮಾತ್ರ.

"ಲೇ ಸಿದ್ಯಾ," ಶುಭಮನ ದನಿ ಬಂತು, "ಗಾಬರಿ ಆಗಬ್ಯಾಡ. ಹಳೇದ ತಗದು ಹೊಸಾದ ಒಂದ ಇಟ್ಟು ನೋಡು."

"ತಗದೆ. ಏಳವಲ್ದಲೇ! ಬರೇ ಪೀಂ ಪೀಂ ಅಂತ ಒದರಾಕತ್ತೈತಿ."

"ಹಂಗಾರ ಹೊಸಾದ ತಗದು ಹಳೇದ ಒಂದ ಇಡು."

ಡಬ್ಬದೊಳಗೆ ಟಕ್ ಟಕ್ ಎಂದಿತು. ಕಟ್ಟೆಯ ಮೇಲಿನವರು ಉಸಿರು ಹಿಡಿದರು.

"ಹಳೇದರ ಮ್ಯಾಲ ಆರಾಮ ಐತಿ ನೋಡು. ಏನೂ ತಕರಾರ ಇಲ್ಲ. ಆದ್ರ ಬಾಳ ಸಾವಕಾಶ."

"ಅಂದ್ರ ಹೊಸಾದ ಹೊಂದವಲ್ದು. ಬ್ಯಾರೇ ಕೊಡ್ತೀನಿ, ತಗೊಂಡ ಬಾ."

"ಇವತ್ತ ಸಂಜೀಕ ಹುಡುಗಿ ಕಡ್ಯಾವರು ಬರಾವರದಾರಲೇ! ಇವತ್ತ ಒಂದಿನ ತಡದ್ರ ಸಾಕು. ಮುಂದ ಏನರ ಆಗ್ಲಿ."

ಇದನ್ನು ಕೇಳಿ ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಗ್ಗುಲಿನ ಬಟ್ಟೆ ಅಂಗಡಿಯ ಶಾಂತಿನಾಥ ಕಾಕಾಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಅವರು ನಿಧಾನದ ಮನುಷ್ಯ. ಕೇಳಿದ್ದನ್ನು ಪರೀಕ್ಷೆ ಮಾಡದೆ ನಂಬುವವರಲ್ಲ. ಒಂದು ಮುಷ್ಟಿ ಬದಾಮು ಹಿಡಿದು ಒಳಗೆ ಬಂದು ಸ್ಟೂಲಿನ ಮೇಲೆ ಕುಳಿತರು.

"ಸಿದ್ದು, ನಾ ಯಾರು ಹೇಳ ನೋಡೂನು."

ಸಿದ್ದಲಿಂಗ ಬಾಯಲ್ಲಿದ್ದ ಸ್ಕ್ರೂ ತೆಗೆದ. "ಶಾಂತಿನಾಥ ಕಾಕಾ ಅಲ್ರಿ."

"ಶಾಬಾಸ್. ಇವತ್ತ ವಾರ ಯಾವ್ದು?"

"ಅದು... ಮಂಗಳವಾರ. ಅಲ್ಲ, ಬುಧವಾರ. ಕಾಕಾ, ನನಗ ಮೊದಲ ತಲಿ ಕೆಟ್ಟೈತ್ರಿ, ಆಮ್ಯಾಲ ಬರ್ರಿ."

"ಗೊತ್ತೈತಪಾ, ಗೊತ್ತೈತಿ." ಕಾಕಾರ ದನಿ ಹತ್ತಿಯಂತೆ ಮೆತ್ತಗಾಯಿತು. "ಮಗ್ಗಿ ಹೇಳು, ಹದಿಮೂರ ಏಳಲೆ ಎಷ್ಟು?"

"ಯಾರಿಗೆ ಬರ್ತೈತ್ರಿ ಹದಿಮೂರ ಏಳಲೆ!"

ಕಾಕಾ ಬದಾಮನ್ನು ಅವನ ಕಿಸೆಗೆ ಹಾಕಿ, ಹೊರಗೆ ಬಂದು, ಜನರೆದುರು ಬಲಗೈಯನ್ನು ಅತ್ತಿತ್ತ ತಿರುಗಿಸಿ ತೋರಿಸಿದರು. ಅರ್ಧ ಹೋಗಿದೆ, ಅರ್ಧ ಉಳಿದಿದೆ ಎಂದು ಅದರ ಅರ್ಥ.

ಅಷ್ಟರಲ್ಲಿ ಓಣಿಯ ತುದಿಯಿಂದ ಅವನ ತಾಯಿ ಶಿವಗಂಗವ್ವ ಬರಿಗಾಲಲ್ಲಿ ಓಡಿಬಂದಳು. ಒಂದು ಕೈಯಲ್ಲಿ ಭಂಡಾರದ, ಅಂದರೆ ಮಂಗಸೂಳಿ ಮಲ್ಲಯ್ಯನ ಪ್ರಸಾದದ ಅರಿಷಿಣದ ಡಬ್ಬಿ. ಸುದ್ದಿ ಅವಳನ್ನು ತಲುಪುವ ಹೊತ್ತಿಗೆ ಮಗ ನೀಲಿಯಾಗಿ ಬಿದ್ದಿದ್ದಾನೆ ಎನ್ನುವ ಮಟ್ಟಕ್ಕೆ ಬೆಳೆದಿತ್ತು. ಬಂದವಳು ಮಗನ ಹಣೆಯನ್ನು ಮುಟ್ಟಿದಳು, ಕೆನ್ನೆ ಮುಟ್ಟಿದಳು, ಮಾಮೂಲಿ ಬಣ್ಣವೇ ಇರುವುದನ್ನು ಕಂಡು ಅಳು ತಡೆಯದೆ ಬೈಯತೊಡಗಿದಳು.

"ಬ್ಯಾಡ ಬ್ಯಾಡ ಅಂದ್ರೂ ಮಿರಜ್‌ಗೆ ಹೋದಿ! ಆ ಸಾಮಾನ ನೋಡಿದಾಗ ನನ್ನ ಎದಿ ಧಸ್ ಅಂದಿತ್ತು. ಅದಕ್ಕ ಮಲ್ಲಯ್ಯನ ಮ್ಯಾಲ ಭಾರ ಹಾಕಿದ್ನಿ."

"ಯಾವ ಸಾಮಾನಬೇ?"

"ಅದ, ನೀ ತಂದದ್ದು, ಹಸರ ಪಟ್ಟಿ. ನೀ ಜಳಕಾ ಮಾಡಾಕ ಹೋದಾಗ ಜಗಲಿ ಮ್ಯಾಲ ಇಟ್ಟು ಪೂಜಿ ಮಾಡೀನಿ. ಹೊಸಾ ಟ್ರ್ಯಾಕ್ಟರಿಗೆ ಮಾಡತೇವಿ, ಬಾಂವಿ ಮೋಟರಿಗೆ ಮಾಡತೇವಿ, ಇದೇನ ಪಾಪ ಮಾಡೇತಿ? ಮಂಗಸೂಳಿ ಭಂಡಾರಾ ಎಣ್ಣ್ಯಾಗ ಕಲಸಿ, ಕೆಳಗ ಬಂಗಾರದಂಥಾ ಸಣ್ಣ ಸಣ್ಣ ಹಲ್ಲ ಅದಾವಲ್ಲ, ಒಂದೊಂದಕ್ಕೂ ಹಚ್ಚೀನಿ. ಒಂದ ಹಲ್ಲ ಬಿಟ್ಟಿಲ್ಲ."

ಸಿದ್ದಲಿಂಗ ಮೇಜಿನ ಮೇಲಿದ್ದ ಹೊಸ ಪಟ್ಟಿಯನ್ನು ಕೈಗೆತ್ತಿಕೊಂಡ. ಬೆಳಕಿಗೆ ಹಿಡಿದ. ಬಂಗಾರದ ಮೇಲೆ ಅರಿಷಿಣ, ಒಂದೇ ಬಣ್ಣ. ಕಣ್ಣಿಗೆ ಹೇಗೆ ಕಂಡೀತು? ಉಗುರಿನಿಂದ ಕೆರೆದ. ಉಗುರಿನ ಸಂದಿಗೆ ಹಳದಿ ಹತ್ತಿತು. ಆ ಹಲ್ಲುಗಳಿಂದಲೇ ಯಂತ್ರ ಮೆಮರಿಯನ್ನು ಕಚ್ಚಿ ಹಿಡಿಯಬೇಕು. ಎಣ್ಣೆ ಕಲಸಿದ ಭಂಡಾರದಲ್ಲಿ ಅದು ಪ್ರತಿ ಸಲವೂ ಜಾರಿ ಬೀಳುತ್ತಿತ್ತು.

ಬೈಯಬೇಕೆಂದು ಅವನು ಬಾಯಿ ತೆರೆದ. ತಾಯಿಯ ಹೆಬ್ಬೆರಳು ಇನ್ನೂ ಹಳದಿಯಾಗಿಯೇ ಇತ್ತು. ಬಾಯಿ ಮುಚ್ಚಿಕೊಂಡ.

ಡ್ರಾವರಿನಲ್ಲಿದ್ದ ಪೆನ್ಸಿಲ್ ರಬ್ಬರು ತೆಗೆದು ಒಂದೊಂದೇ ಹಲ್ಲನ್ನು ತಿಕ್ಕತೊಡಗಿದ. ಮೊಮ್ಮಗುವಿಗೆ ಹಲ್ಲುಜ್ಜಿಸುವ ಅಜ್ಜಿಯಷ್ಟು ತಾಳ್ಮೆಯಿಂದ ತಿಕ್ಕಿ, ಒಣ ಬಟ್ಟೆಯಿಂದ ಒರೆಸಿ, ಊದಿ, ಮತ್ತೆ ಸಂದಿಯೊಳಗೆ ಟಕ್ ಎಂದು ಒತ್ತಿದ. ಗುಂಡಿ ಅದುಮಿದ. ಪೀಂ ಎನ್ನಲಿಲ್ಲ. ಪರದೆ ಬೆಳಗಿತು. ಲಗ್ನಪತ್ರಿಕೆ ತೆರೆದ. ಗಣಪತಿ, ಬಾಸಿಂಗ, ವರನ ಹೆಸರು, ವಧುವಿನ ಹೆಸರು, ಆಶೀರ್ವಾದ, ಊಟದ ವೇಳೆ, ಎಲ್ಲ ಬಂದವು. ಹತ್ತು ಪತ್ರಿಕೆ ಒಟ್ಟಿಗೆ ತೆರೆದ. ಚಕ್ರ ಎಲ್ಲಿಯೂ ಇಲ್ಲ.

"ಬಂತು!" ಎಂದು ಅವನು ಕೂಗಿಬಿಟ್ಟ. "ಮೆಮರಿ ಪೂರಾ ಬಂತು!"

"ಬಂತಂತ! ನೆನಪು ಬಂತಂತ!" ಕಟ್ಟೆಯ ಮೇಲೆ ಸಂಭ್ರಮವೋ ಸಂಭ್ರಮ. ಶಾಂತಿನಾಥ ಕಾಕಾ ಒಳಗೆ ನುಗ್ಗಿ, "ಈಗ ಹೇಳು, ಹದಿಮೂರ ಏಳಲೆ?" ಎಂದರು. ಸುಂದ್ರವ್ವ ಅವನ ದೃಷ್ಟಿ ತೆಗೆದು ಬೆರಳು ಲಟಲಟ ಮುರಿದಳು. ಆಗ, ಅಷ್ಟು ಹೊತ್ತಿನ ಮೇಲೆ, ಸಿದ್ದಲಿಂಗನಿಗೆ ಓಣಿ ಏನೆಂದುಕೊಂಡಿದೆ ಎಂಬುದು ತಿಳಿಯಿತು.

"ಕೆಟ್ಟಿದ್ದು ನಂದಲ್ರೀ! ಕಂಪ್ಯೂಟರಂದು! ಮೆಮರಿ ಇದರಾಗ ಹಾಕೇನಿ, ಇದರಾಗ!"

ಎಲ್ಲರೂ ಡಬ್ಬದೊಳಗೆ ಬಗ್ಗಿ ನೋಡಿದರು. ನೋಡಿ ನಕ್ಕರು. ಶಿವಗಂಗವ್ವ ಡಬ್ಬಕ್ಕೇ ಕೈ ಮುಗಿದಳು. ಸುಂದ್ರವ್ವ ಮಾತ್ರ ನಗುತ್ತಿದ್ದವಳು ನಡುವೆಯೇ ನಿಲ್ಲಿಸಿ ಬಾಯಿಗೆ ಕೈ ಇಟ್ಟುಕೊಂಡಳು.

"ಅಯ್ಯ ಶಿವನ! ನಾ ಬೇಡಕಿಹಾಳಕ್ಕ ಫೋನ್ ಮಾಡೀನಲ್ಲೋ."

"ಯಾರಿಗ್ರಿ?"

"ನಮ್ಮ ಅಕ್ಕನ ಮಗಳು ಲಗಮಣ್ಣಾರ ಬಾಜೂ ಮನ್ಯಾಗ ಇರ್ತಾಳ. ಆಕಿಗೆ."

"ಏನಂತ ಹೇಳೀರಿ ಕಾಕೂ?"

"ಕೆಟ್ಟದ್ದೇನ ಹೇಳಿಲ್ಲಪಾ. ಹುಡುಗಂದು ಮೆಮರಿ ಹೋಗಿತ್ತು, ಮಿರಜ್‌ದಾಗ ಹೊಸಾದ ಹಾಕ್ಯಾರ, ಈಗ ಒಂದೀಟ ಘಡಿಘಡಿಗೆ ಬಂದ್ ಬೀಳ್ತಾನ, ಆದ್ರ ಸ್ವಭಾವ ಬಾಳ ಚಲೋ ಅಂತ ಹೇಳೀನಿ."

ಸಿದ್ದಲಿಂಗ ಸ್ಟೂಲಿನ ಮೇಲೆ ಕುಸಿದ. ಲಗಮಣ್ಣನವರಿಗೆ ಫೋನು ಮಾಡಿದ. ಹತ್ತಲಿಲ್ಲ. ಮತ್ತೆ ಮಾಡಿದ. ಅಷ್ಟು ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕಿ ಬಂದ ಒಂದು ಜೀಪು ಧೂಳೆಬ್ಬಿಸಿ ಅಂಗಡಿಯೆದುರು ನಿಂತಿತು. ಹೇಳಿದ ಹೊತ್ತಿಗಿಂತ ಎಷ್ಟೋ ಮೊದಲು.

ಲಗಮಣ್ಣನವರು ಇಳಿದರು. ಬೆವರಿದ್ದರು, ಮುಖ ಗಂಭೀರವಾಗಿತ್ತು. ಸಿದ್ದಲಿಂಗ ಪರದೆಯ ಮೇಲೆ ಹತ್ತೂ ಪತ್ರಿಕೆಗಳನ್ನು ಬೀಸಣಿಗೆಯಂತೆ ಹರಡಿ ತೋರಿಸಿದ. ಅವರು ಅತ್ತ ನೋಡಲೇ ಇಲ್ಲ.

"ತಮ್ಮಾ, ಮುಚ್ಚಿಡಬ್ಯಾಡ. ಖರೇ ಹೇಳು. ನೀ ಮಿರಜ್‌ದಾಗ ಮೆಮರಿ ಹಾಕ್ಸಿಕೊಂಡ ಬಂದೀಯೇನು?"

"ಇಲ್ರಿ ಕಾಕಾ, ದೇವರಾಣಿ ಇಲ್ರಿ! ಅದು ಕಂಪ್ಯೂಟರಿಗೆ."

"ನಿನ್ನ ತಲ್ಯಾಗ?"

"ಏನೂ ಇಲ್ರಿ!"

ಈಗ ಓಣಿಯವರು ತಮ್ಮ ತಪ್ಪನ್ನು ತೊಳೆದುಕೊಳ್ಳಲು ಮುಂದೆ ಬಂದರು. "ಅವನ ತಲ್ಯಾಗ ಏನೂ ಇಲ್ರಿ, ನಾವು ಸಾಕ್ಷಿ," ಎಂದರು ಶಾಂತಿನಾಥ ಕಾಕಾ. "ಪೂರಾ ಖಾಲಿ ಐತ್ರೀ ಅಣ್ಣಾರ, ಸಣ್ಣಾವಿದ್ದಾಗಿಂದ ನೋಡೇವಿ," ಎಂದಳು ಸುಂದ್ರವ್ವ.

ಲಗಮಣ್ಣನವರ ಮುಖ ಬೆಳಗಬೇಕಿತ್ತು. ಬೆಳಗಲಿಲ್ಲ, ಇಳಿಯಿತು. ಗೋಡೆಗೆ ಒರಗಿ ನಿಂತರು.

"ಅಂದ್ರ ಅಂಥಾ ಡಾಕ್ಟರ ಯಾರೂ ಇಲ್ಲಾ?" ಎಂದರು. "ದೊಡ್ಡ ಆಸೆ ಮಾಡಿ ಬಂದಿದ್ನೆಪಾ. ನಮ್ಮಪ್ಪಗ ಹೋದ ವರ್ಷದಿಂದ ಏನೂ ನೆನಪ ಉಳಿವಲ್ದು. ನನ್ನ ಗುರತಾನೂ ಹಿಡ್ಯಾಂಗಿಲ್ಲ. ಮೊಮ್ಮಗಳ ಮಾತ ಒಂದ ಕೇಳ್ತಾನ. ನಿನ್ನ ಸುದ್ದಿ ಕೇಳಿದ್ದ ತಡ, ಅರ್ಧ ಕಬ್ಬ ಕಡಿಯೂದ ಬಿಟ್ಟು ಗಾಡಿ ಮಾಡ್ಕೊಂಡ ಬಂದೇನಿ. ಹುಡುಗಗ ಹಾಕ್ಯಾರಂದ್ರ ಮುದುಕಗ ಹಾಕೂದಿಲ್ಲೇನು ಅಂತ."

ಜೀಪಿನೊಳಗೆ ಅವರಪ್ಪ ಮುರಗೆಪ್ಪಜ್ಜ ಕೋಲಿನ ಮೇಲೆ ಗದ್ದ ಊರಿ, ಓಣಿಯನ್ನೆಲ್ಲ ತನ್ನ ಹೊಲದಂತೆ ನೋಡುತ್ತ ಕುಳಿತಿದ್ದ. ಮಗ್ಗುಲಲ್ಲಿ ಅವನ ಕೈ ಹಿಡಿದು ಕೋಮಲ. ಫೋಟೋದಲ್ಲಿ ಇಲ್ಲದ ಒಂದು ಸಣ್ಣ ಮಚ್ಚೆ ಅವಳ ಗದ್ದದ ಮೇಲಿರುವುದು ಸಿದ್ದಲಿಂಗನಿಗೆ ಇಷ್ಟು ದೂರದಿಂದಲೂ ಕಂಡಿತು.

"ಮನಿ ಇಲ್ಲೇ ಐತ್ರಿ," ಅವನು ತಡವರಿಸಿದ. "ಬಂದೀರಿ, ನೋಡಿಕೊಂಡ ಒಂದ ಕಪ್ ಚಾ..."

"ಬ್ಯಾಡ ತಮ್ಮಾ. ದವಾಖಾನಿಗೆ ಅಂತ ಮನಿ ಬಿಟ್ಟ ಗಾಡಿಯಿಂದ ಇಳದು ಬೀಗರ ಹೊಸ್ತಲಾ ತುಳೀಬಾರ್ದು. ಮನಿ ನೋಡೂದು ಮುಂದ ಒಂದಿನ ನೋಡೂನು. ಇಷ್ಟ ದೂರ ಬಂದೇವಿ, ಮಿರಜ್‌ದಾಗ ಯಾರಿಗರ ಅಪ್ಪನ ತೋರಿಸಿ ಹೋಗತೇವಿ."

ಅಜ್ಜನ ನೀರಿನ ಬಾಟಲಿ ತುಂಬಿಸಿಕೊಳ್ಳಲು ಕೋಮಲ ಇಳಿದು ಬಂದಳು. ಬಾಗಿಲು ಬಿಚ್ಚಿದ ಡಬ್ಬ, ಮೇಜಿನ ಮೇಲಿನ ಹಳದಿ ಹತ್ತಿದ ರಬ್ಬರು, ಶಿವಗಂಗವ್ವನ ಕೈಯ ಭಂಡಾರ, ಮೂರನ್ನೂ ಒಮ್ಮೆ ನೋಡಿದಳು. ಅವಳಿಗೆ ಯಾರೂ ಏನನ್ನೂ ಹೇಳಬೇಕಾಗಲಿಲ್ಲ. ತುಟಿ ಕಚ್ಚಿ ನಗು ತಡೆದಳು.

"ಮಿರಜ್‌ದಾಗ ನಮಗ ದಾರಿ ಗೊತ್ತಿಲ್ಲ," ಎಂದಳು ಅವನತ್ತ ತಿರುಗಿ. "ಬೇಕಾದ್ರ ಕೇಳತೀವಿ. ನಿಮ್ಮ ನಂಬರ್ ಹೇಳ್ರಿ."

ಇಡೀ ದಿನದಲ್ಲಿ ಇದಕ್ಕಿಂತ ಸುಲಭದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸಿದ್ದಲಿಂಗ ಬಾಯಿ ತೆರೆದ.

"ತೊಂಬತ್ತ..." ಎಂದ. ಕೋಮಲ ಮೊಬೈಲು ಹಿಡಿದು ಕಾಯುತ್ತಿದ್ದಳು. ಅವಳ ಕಣ್ಣು ಅವನ ಮೇಲೆಯೇ ಇತ್ತು. "ತೊಂಬತ್ತ... ಅದರ ಮುಂದ..."

ಮುಂದೆ ಏನೂ ಇರಲಿಲ್ಲ. ಕಿವಿ ಕೆಂಪಗಾದವು, ಹಣೆಯಲ್ಲಿ ಬೆವರಿಳಿಯಿತು, ಬಾಯಿ ತೆರೆದದ್ದು ತೆರೆದೇ ಉಳಿಯಿತು. ಓಣಿಗೆ ಓಣಿಯೇ ಕಿವಿಯಾಗಿ ನಿಂತಿತು.

"ನೋಡ್ರಿ!" ಸುಂದ್ರವ್ವನಿಂದ ತಡೆಯಲಾಗಲಿಲ್ಲ. "ನಾ ಸುಳ್ಳ ಹೇಳೀನೇನು? ಬಂದ್ ಬಿತ್ತು!"

ಶಾಂತಿನಾಥ ಕಾಕಾ ಮೆಲ್ಲಗೆ ತಲೆಯಾಡಿಸಿದರು. ಮುಂಜಾನೆಯ ಪರೀಕ್ಷೆ ತಪ್ಪಾಗಿರಲಿಲ್ಲ ಎಂಬ ಸಮಾಧಾನ ಅವರ ಮುಖದಲ್ಲಿತ್ತು. ಲಗಮಣ್ಣನವರು ಬಂದು ಸಿದ್ದಲಿಂಗನ ಹೆಗಲ ಮೇಲೆ ಕೈ ಇಟ್ಟರು. ಅವರ ಕಣ್ಣಲ್ಲಿ ನಿಜವಾದ ಕನಿಕರವಿತ್ತು.

"ನಾಚಗೋಬ್ಯಾಡ ತಮ್ಮಾ. ನಮ್ಮಪ್ಪಗೂ ಮೊದಲ ಹಿಂಗ ಶುರು ಆತು. ಗಾಡ್ಯಾಗ ಜಾಗಾ ಐತಿ, ಹತ್ತು. ಇಬ್ಬರನೂ ಒಮ್ಮಿಗೆ ತೋರಸ್ಕೊಂಡ ಬರೂನು. ಡಾಕ್ಟರ ಆರಾಮ ಅದಾನ ಅಂದಮ್ಯಾಲ ಮುಂದಿನ ಮಾತು."

"ಕಾಕಾ, ನನಗೇನೂ..."

"ಕರಕೊಂಡ ಹೋಗ್ರಿ ಅಣ್ಣಾರ," ಎಂದಳು ಶಿವಗಂಗವ್ವ, ಮಗನ ಹಣೆಗೆ ಭಂಡಾರ ಬಳಿಯುತ್ತ.

ಓಣಿ ಎಲ್ಲ ಸೇರಿ ಅವನನ್ನು ಜೀಪಿಗೆ ಹತ್ತಿಸಿತು. ಯಾರೋ ಬಾಳೆಹಣ್ಣು ತಂದು ತೊಡೆಯ ಮೇಲಿಟ್ಟರು. ಅಂಗಡಿಯೊಳಗೆ ಹತ್ತು ಲಗ್ನಪತ್ರಿಕೆಗಳು ಒಂದೂ ತಡವರಿಸದೆ ಹೊಳೆಯುತ್ತಿದ್ದವು, ನೋಡುವವರು ಯಾರೂ ಇರಲಿಲ್ಲ.

ಜೀಪು ಮಿರಜ್ ದಾರಿ ಹಿಡಿಯಿತು. ಲಗಮಣ್ಣನವರು ಮುಂದೆ, ಡ್ರೈವರನ ಮಗ್ಗುಲಿಗೆ. ಹಿಂದೆ ಅಜ್ಜ, ಅಜ್ಜನ ಮಗ್ಗುಲಿಗೆ ಸಿದ್ದಲಿಂಗ, ಎದುರಿಗೆ ಕೋಮಲ. ದ್ರಾಕ್ಷಿ ತೋಟಗಳು ಎರಡೂ ಕಡೆ ಸರಿಯುತ್ತಿದ್ದವು.

"ನೀ ಯಾರಪಾ?" ಎಂದ ಅಜ್ಜ.

"ಕಾಗವಾಡದಾವ್ರಿ. ಸಿದ್ದಲಿಂಗ."

ಅಜ್ಜ ಸಮಾಧಾನದಿಂದ ತಲೆಯಾಡಿಸಿದ. ಒಂದು ಕಬ್ಬಿನ ಟ್ರ್ಯಾಕ್ಟರು ದಾಟಿತು.

"ನೀ ಯಾರಪಾ?"

"ಲಗ್ನಪತ್ರಿಕಿ ಮಾಡಾವ್ರಿ."

"ಹೌದಾ? ಯಾರ ಲಗ್ನಾ?"

ಸಿದ್ದಲಿಂಗ ಕಿಟಕಿಯ ಹೊರಗೆ ನೋಡಿದ. ಕೋಮಲ ಅಜ್ಜನ ಹೆಗಲ ಮೇಲಿನ ಶಾಲು ಸರಿಮಾಡಿದಳು. ಒಂದು ಸೇತುವೆ ಬಂತು, ಹೋಯಿತು. ಅಜ್ಜ ಮತ್ತೆ ಅವನತ್ತ ತಿರುಗಿದ.

"ನೀ ಯಾರಪಾ?"

ಸಿದ್ದಲಿಂಗ ಬಾಯಿ ತೆರೆಯುವ ಮೊದಲೇ ಎದುರಿನಿಂದ ಉತ್ತರ ಬಂತು. ಮುಂದಿನ ಸೀಟಿಗೆ ಕೇಳಿಸದಷ್ಟು ಮೆಲ್ಲಗೆ.

"ನಮ್ಮಾಂವ, ಅಜ್ಜಾ."

ಅಜ್ಜ ಹೂಂಗುಟ್ಟಿದ. ಕೋಮಲ ಹೊರಗಿನ ಬಳ್ಳಿಗಳನ್ನು ಎಣಿಸುವವಳಂತೆ ಅತ್ತ ಮುಖ ಮಾಡಿದಳು. ಸಿದ್ದಲಿಂಗ ಬಾಳೆಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು, ಅಜ್ಜ ಇನ್ನೊಂದು ಸಲ ಮರೆಯಲಿ, ಇನ್ನೊಂದು ಸಲ ಕೇಳಲಿ ಎಂದು ಕಾದ. ಅಜ್ಜ ಕೇಳಲಿಲ್ಲ. ನೋಡಿದರೆ ನಿದ್ದೆ ಹತ್ತಿತ್ತು. ಸಿದ್ದಲಿಂಗ ಮೆಲ್ಲಗೆ ಕೆಮ್ಮಿದ. ಅಜ್ಜ ಏಳಲಿಲ್ಲ. ಇನ್ನೊಂದಿಷ್ಟು ಜೋರಾಗಿ ಕೆಮ್ಮಿದ.

ಮುಂದಿನ ಸೀಟಿನಿಂದ ಲಗಮಣ್ಣನವರು ಹೊರಳಿ ನೋಡಿದರು. ಹುಡುಗನ ಮುಖ ಕೆಂಪೇರಿತ್ತು, ಉಸಿರು ಜೋರಾಗಿತ್ತು, ಕಣ್ಣು ಎಲ್ಲೋ ನೆಟ್ಟಿತ್ತು. ಅವರು ಡ್ರೈವರನ ತೊಡೆ ತಟ್ಟಿದರು.

"ಲಗೂ ಹೊಡಿಯೋ ಮಾರಾಯಾ. ಈ ಹುಡುಗಗ ಎದೀದೂ ಏನೋ ಐತಿ."